ಸುಳಿ ಕೊಯ್ದ ಈಚಲು

ಮಾರ್ಚ್ 4, ಸೋಮವಾರ

ಬೆಳಿಗ್ಗೆಯಿಂದ ಮುನ್ನೂರು ಸಸಿ ಪ್ಯಾಕೆಟ್‌ಗೆ ಮಣ್ಣು ತುಂಬಿದೆ. ಕಾಳಕ್ಕ ನೂರ ಎಂಬತ್ತು. ಅವಳ ಬಾಯಿ ಓಡಿದಷ್ಟು ಕೈ ಓಡುವುದಿಲ್ಲ.

ನೀರು: ತೆಂಗಿನ ಸಸಿ, ಅಡಿಕೆ, ನುಗ್ಗೆ ಆಯಿತು. ದಾಳಿಂಬೆಗೆ ನಾಳೆ.

ನೀರು ಬಿಟ್ಟಿದ್ದನ್ನು ಬರೆಯಲಿಕ್ಕೆ ಪರಮೇಶ ಕೊಟ್ಟ ಡೈರಿ ಇದು. ಗೊಬ್ಬರದ ಕಂಪನಿಯದು. ನೀರಿಗೆ ಎರಡು ಸಾಲು ಸಾಕು. ಉಳಿದ ಹಾಳೆ ಖಾಲಿ ಬಿಡಲು ಮನಸ್ಸು ಬರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಆದರೂ ಬರೆಯುತ್ತೇನೆ. ಯಾರು ಓದಬೇಕು, ಯಾರೂ ಬೇಡ.

ಇವತ್ತು ಒಂದು ಗಿಡ ಕಂಡಿತು. ಅಡಿಕೆ ಸಾಲಿನ ಕೊಟ್ಟಕೊನೆಯಲ್ಲಿ, ಒಂದು ಪ್ಯಾಕೆಟಿನಲ್ಲಿ. ಎರಡು ಮೂರು ವರ್ಷದಿಂದ ಅಲ್ಲೇ ಇದ್ದಿರಬೇಕು, ಯಾರೂ ನೋಡಿಲ್ಲ. ಅಡಿಕೆ ಅಲ್ಲ. ತೆಂಗೂ ಅಲ್ಲ. ಮೊಣಕಾಲೆತ್ತರ, ಏಳು ಗರಿ. ಬೂದಿ ಬಳಿದಂಥ ಹಸಿರು. ಬುಡದ ಹತ್ತಿರ ಮುಳ್ಳು. ಎಲೆಗಳು ಒಂದೇ ಮಟ್ಟದಲ್ಲಿಲ್ಲ. ಒಂದು ಮೇಲಕ್ಕೆ, ಒಂದು ಪಕ್ಕಕ್ಕೆ... ತಲೆ ಬಾಚಿಸಿಕೊಳ್ಳದೆ ಓಡಿಹೋದ ಹುಡುಗಿಯ ಹಾಗೆ. ಚೆಂದ ಇದೆ. ಹದಿನಾಲ್ಕು ವರ್ಷ ಈ ನರ್ಸರಿಯಲ್ಲಿ ಇದ್ದೇನೆ, ಇಷ್ಟು ಜಂಬದ ಗಿಡ ನೋಡಿಲ್ಲ.

ಪರಮೇಶನನ್ನು ಕರೆದೆ. ನರ್ಸರಿ ಅವನದು. ಗಿಡ ನೋಡುವ ಮೊದಲು ಫೋನ್ ತೆಗೆದ.

“ದೊಡ್ಡಮ್ಮ, ಇದು ಸೈಕಸ್ ಅಂತೆ.”

“ಯಾರಂದ್ರು?”

“ಫೋನು.”

“ಫೋನು ಯಾವತ್ತಪ್ಪ ಗಿಡ ನೆಟ್ಟಿತ್ತು?”

ಇನ್ನೊಂದು ಫೋಟೊ ಹೊಡೆದ. ಈ ಸಲ ಬ್ರೆಜಿಲ್ ದೇಶದ ತೆಂಗು ಅಂತು. ನಾನು ಎದ್ದು ಹೋದೆ. ಬೆನ್ನು ನೋವು.

ಮಾರ್ಚ್ 5, ಮಂಗಳವಾರ

ಅಕ್ಷರ ಸೊಟ್ಟ ಬರುತ್ತಿವೆ.

ಬೆಳಿಗ್ಗೆ ಬಂದಾಗ ಗಿಡ ಗೇಟಿನ ಹತ್ತಿರ ಬಂದು ಕೂತಿತ್ತು. ಅದಕ್ಕೊಂದು ಬೋರ್ಡ್ ಬೇರೆ, ‘ಬ್ರೆಜಿಲ್ ಪಾಮ್’. ಹೈವೇಯಲ್ಲಿ ಕಾರು ನಿಲ್ಲಿಸಿ ಬಂದ ನಾಲ್ಕು ಜನ ಸುತ್ತ ನಿಂತು ನೋಡುತ್ತಿದ್ದರು. ನನಗೆ ಉರಿದುಹೋಯಿತು. ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಬೇಕು.

“ಇಲ್ಲಿ ಬಾರಪ್ಪ ಪರಮೇಶ. ತೆಂಗಿನ ಎಲೆ ಮಡಿಕೆ ಹೆಂಗೈತೆ? ಮನೆ ಸೂರಿದ್ದಂಗೆ. ಮಳೆ ಹೊಡೆದ್ರೆ ಎರಡೂ ಕಡೆ ಜಾರ್ತೈತೆ. ಅಡಿಕೇದೂ ಹಂಗೇ. ಇದ್ರದ್ದು ನೋಡು. ದೋಣಿ ಇದ್ದಂಗೈತೆ. ನೀರು ನಿಲ್ತೈತೆ. ಹಿಂಗಿರೋದು ಈಚಲಿಗೆ. ಇದು ನಮ್ಮ ಹಳ್ಳದೀಚಲು, ಪೊರಕೆ ಕಟ್ಟೋದು. ಬ್ರೆಜಿಲ್ಲೂ ಇಲ್ಲ, ಗಿಜಿಲ್ಲೂ ಇಲ್ಲ.”

ಕಾರಿನವರು ನಕ್ಕರು. ಪರಮೇಶ ಬೋರ್ಡ್ ಕಿತ್ತ. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು.

ಪೊರಕೆಗೆ ಬಿಚ್ಚದ ಸುಳಿಯೇ ಬೇಕು, ನಡುವಿನ ಎಳೆ ಗರಿ. ಏಳನೇ ವಯಸ್ಸಿನಿಂದ ವೇದಾವತಿ ಹೊಳೆಯ ಹಳ್ಳಗಳಲ್ಲಿ ಸುಳಿ ಕೊಯ್ದ ಕೈ ಇದು. ಈಚಲು ಅಂತ ಬಾಯಿ ಅಂದ ಕೂಡಲೇ ಕೈ ನಡುವಿಗೆ ಹೋಯಿತು. ಕುಡುಗೋಲು ಸೊಂಟದಲ್ಲೇ ಇತ್ತು. ಸೀಳಿ ತೋರಿಸುತ್ತೇನೆ ನೋಡ್ರಿ ಅಂತ ಬುಡಕ್ಕೆ ಹಾಕಿ ಎಳೆದೆ. ಚಕ್ಕಂತ ಬಂತು. ತುದಿಯಲ್ಲಿ ಬೆಳ್ಳನೆಯ ತಿರುಳು ಅಂಟಿಕೊಂಡಿತ್ತು.

ಆಳೆತ್ತರದ ಈಚಲಾದರೆ ತಡೆದುಕೊಳ್ಳುತ್ತದೆ. ಈ ಜಾತಿಗೆ ಇರುವುದು ಒಂದೇ ತಲೆ, ಹೊಸ ಗರಿ ಹುಟ್ಟುವುದು ಅಲ್ಲಿಂದಲೇ. ಮೊಣಕಾಲೆತ್ತರದ್ದಕ್ಕೆ ಅಷ್ಟು ಕೆಳಗೆ ಕುಡುಗೋಲು ಹಾಕಿದರೆ ತಲೆಯೇ ಕೈಗೆ ಬರುತ್ತದೆ. ಇದು ನನಗೆ ಗೊತ್ತು. ಕಾಳಕ್ಕನಿಗೆ ಹತ್ತು ಸಲ ಹೇಳಿಕೊಟ್ಟವಳೇ ನಾನು.

ಇನ್ನೊಂದು ಬರೆಯಬೇಕು. ಸುಳಿ ಸೀಳಲು ಹೋದೆ. ಹಳ್ಳದೀಚಲು ಉಗುರು ತಾಗಿಸಿದರೆ ನೆಟ್ಟಗೆ ಸೀಳುತ್ತದೆ. ಇದು ಸೀಳಲಿಲ್ಲ. ಮಣಿಯಿತು, ತಿರುಚಿಕೊಂಡಿತು, ಹಗ್ಗದ ಹಾಗೆ ನಿಂತಿತು. ಇದು ಈಚಲೇ. ಆದರೆ ನನಗೆ ಗೊತ್ತಿರುವ ಈಚಲು ಅಲ್ಲ.

ಗೊತ್ತಿಲ್ಲದ ಗಿಡದ ತಲೆ ತೆಗೆದಿದ್ದೇನೆ. ಎಲ್ಲರೆದುರು. ಪಾಠ ಹೇಳುತ್ತಾ.

ಮಾರ್ಚ್ 6

ಪರಮೇಶ ಬೈಯಲಿಲ್ಲ. “ಇರ್ಲಿ ಬಿಡು ದೊಡ್ಡಮ್ಮ” ಅಂದ. ಬೈದಿದ್ದರೆ ಒಂದು ಮುದ್ದೆ ಹೆಚ್ಚು ತಿನ್ನುತ್ತಿದ್ದೆ.

ಕಾಳಕ್ಕ ಬಿಡಲಿಲ್ಲ. “ಏಕನಾಥಕ್ಕ, ಇವತ್ತು ಯಾವುದರ ತಲೆ ತೆಗೀತೀಯ ಹೇಳ್ಬಿಡು, ನಾನು ಅತ್ಲಾಗೆ ಹೋಗ್ತೀನಿ.”

ಮಣ್ಣು ತುಂಬಿದ್ದು ಎಷ್ಟು ಅಂತ ಎಣಿಸಲಿಲ್ಲ.

ಮಾರ್ಚ್ 9, ಶನಿವಾರ

ದುರ್ಗದಿಂದ ಸುಪ್ರಿಯಾ ಮೇಡಂ ಬಂದಿದ್ದರು. ಕಾಲೇಜಿನಲ್ಲಿ ಗಿಡದ ಪಾಠ ಮಾಡುವವರು. ಪರಮೇಶ ಮೊದಲ ದಿನ ಸ್ಟೇಟಸ್‌ಗೆ ಹಾಕಿದ ಫೋಟೊ ಯಾರಿಂದಲೋ ಯಾರಿಗೋ ಹೋಗಿ ಅವರಿಗೆ ಸಿಕ್ಕಿದೆ. ರಜೆ ದಿನ ಬಸ್ ಹತ್ತಿಕೊಂಡು ಬಂದಿದ್ದಾರೆ. ಒಣಕಲು ಹುಡುಗಿ, ಮೂವತ್ತು ಇರಬಹುದು. ಸ್ಕೇಲು, ಟೇಪು, ಕುತ್ತಿಗೆಗೆ ದಾರ ಕಟ್ಟಿದ ಒಂದು ಭೂತಗನ್ನಡಿ. ಬಂದವಳೇ ಚಪ್ಪಲಿ ಬಿಟ್ಟು ಮಣ್ಣಲ್ಲಿ ಕೂತಳು. ಅಲ್ಲೇ ನನಗೆ ಇಷ್ಟವಾಯಿತು.

ಒಂದು ಗಂಟೆ ನೋಡಿದಳು. ಮುಳ್ಳು ಎಣಿಸಿದಳು. ಎಲೆ ಎಣಿಸಿದಳು. ಒಂದು ಗರಿಯಲ್ಲಿ ಎಷ್ಟು ಗುಂಪು, ಗುಂಪಿಗೆ ಎಷ್ಟು ಎಲೆ. ಎಲ್ಲವನ್ನೂ ಬರೆದುಕೊಂಡಳು. ಎಲ್ಲೂ ಮುಟ್ಟಿ ಎಳೆಯಲಿಲ್ಲ. ಪರಮೇಶ ಎಲೆ ಮಡಿಕೆಯ ಮಾತು ಹೇಳಿದ.

“ಯಾರು ಹೇಳಿದ್ದು ಇದನ್ನ?”

“ನಮ್ಮ ಏಕನಾಥಮ್ಮ.”

ನನ್ನ ಕಡೆ ತಿರುಗಿದಳು. “ಅಜ್ಜಿ, ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ಬೇಕು. ನಮ್ಮ ಹುಡುಗರಿಗೆ ಒಂದು ವಾರ ಪಾಠ ಮಾಡ್ತೀನಿ, ಆದ್ರೂ ಪರೀಕ್ಷೆಯಲ್ಲಿ ಉಲ್ಟಾ ಬರೀತಾರೆ. ಗರಿ ಜಾತಿಯಲ್ಲಿ ಬಗನಿ ಮರ ಒಂದು ಬಿಟ್ರೆ ನೀವು ಹೇಳಿದ್ದು ಪೂರ್ತಿ ಸರಿ.”

ಅಜ್ಜಿ ಅಂತೆ. ಇರಲಿ.

ಸುಳಿ ಇದ್ದ ಜಾಗದ ಮೇಲೆ ಕನ್ನಡಿ ಇಟ್ಟು ಬಹಳ ಹೊತ್ತು ನೋಡಿದಳು. ಯಾರು ಕೊಯ್ದಿದ್ದು ಅಂತ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ನಾನೇ ಅಂದೆ.

“ನಾನೇ ಕೊಯ್ದಿದ್ದು ಕಣಮ್ಮ.”

“ಯಾಕಜ್ಜಿ?”

“ತಿಕ್ಕಲಿಗೆ. ಬರ್ಕಳ್ಳಮ್ಮ ಅದನ್ನೂ.”

ಬರೆದುಕೊಳ್ಳಲಿಲ್ಲ. ಹೇಳಿದಳು: ಈಚಲಲ್ಲೂ ಜಾತಿ ಇದೆ. ಹಳ್ಳದ್ದು ಒಂಟಿ ಕಾಂಡ, ಅದಾಗಿದ್ದರೆ ಇದು ಉಳಿಯುವುದಿಲ್ಲ. ಇನ್ನೊಂದಿದೆ, ಗುಡ್ಡದ ಮೇಲೆ ಬೆಳೆಯುವ ಕುಳ್ಳ ಜಾತಿ. ಅದಕ್ಕೆ ಬುಡದಲ್ಲಿ ಬಾಳೆಯ ಹಾಗೆ ಮರಿ ಬರುತ್ತದೆ. ಎಲೆಯ ಗುಂಪು ನೋಡಿದರೆ ಅದೇ ಇರಬಹುದು ಅಂತ ಅವಳಿಗೆ ಅನುಮಾನ. ಆದರೆ ಎಳೆ ಗಿಡ, ಹೂವಿಲ್ಲ, ಅನುಮಾನವನ್ನು ಬರೆದು ಸಹಿ ಹಾಕುವುದಿಲ್ಲ ಅಂದಳು. ಈ ಜಿಲ್ಲೆಯಲ್ಲಿ ಅವಳು ಅದನ್ನು ಕಣ್ಣಾರೆ ನೋಡೇ ಇಲ್ಲವಂತೆ.

“ಮರಿ ಬಂದ್ರೆ ಗುಡ್ಡದ್ದು. ಬರದಿದ್ರೆ...” ಅಂದು ನಿಲ್ಲಿಸಿದಳು.

ಗಿಡ ದಾಖಲಿಸುವ ಒಂದು ಫಾರಂ ಇತ್ತು ಅವಳ ಹತ್ತಿರ. ಎತ್ತರ, ಮಣ್ಣು, ಮುಳ್ಳು ಎಲ್ಲ ತುಂಬಿದ್ದಳು. ಎರಡು ಗೆರೆ ಖಾಲಿ. ಊರಿನ ಹೆಸರು. ಗುರುತಿಸಿದವರು.

ಮಾರ್ಚ್ 13

ನೀರು: ಎಲ್ಲದಕ್ಕೂ.

ಎರಡು ಗರಿ ಹಳದಿ. ದಿನಾ ನೀರು ಹಾಕುತ್ತಿದ್ದೇನೆ. ಬುಡ ಮುಟ್ಟಿ ನೋಡುತ್ತೇನೆ. ಏನೂ ಇಲ್ಲ.

ಕೊಯ್ದ ಸುಳಿಯನ್ನು ಎಸೆದಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಇನ್ನೂ ಬಾಡಿಲ್ಲ. ಎಂಟು ದಿನ ಆಯಿತು. ಇದೆಂಥ ಎಲೆ.

ಇದನ್ನು ಹೇಳಬಲ್ಲವರು ಒಬ್ಬರಿದ್ದಾರೆ. ಅಲ್ಲಿಗೆ ಹೋಗಲು ನನಗೆ ಇಷ್ಟವಿಲ್ಲ.

ಮಾರ್ಚ್ 17, ಭಾನುವಾರ

ಹೋಗಿ ಬಂದೆ. ಹಿರಿಯೂರಿಗೆ ಒಂದು ಬಸ್ಸು, ಹೊಳಲ್ಕೆರೆಗೆ ಒಂದು, ಚಿಕ್ಕಜಾಜೂರಿಗೆ ಇನ್ನೊಂದು. ರೈಲ್ವೆ ಗೇಟಿನ ಹತ್ತಿರ ಇಳಿದು ನಡೆದೆ.

ಮರುಳಸಿದ್ದಮ್ಮ, ನಮ್ಮ ಅಪ್ಪನ ತಂಗಿ. ಎಂಬತ್ತಮೂರು. ಹೊಸದುರ್ಗದ ಕಡೆಗೆ ಕೊಟ್ಟಿದ್ದರು, ಈಗ ಮಗಳ ಮನೆಯಲ್ಲಿದ್ದಾಳೆ. ನಮ್ಮ ಕಡೆ ಅವಳ ಹಾಗೆ ಪೊರಕೆ ಕಟ್ಟುವವರು ಇರಲಿಲ್ಲ. ಆರು ವರ್ಷದಿಂದ ಮಾತಿಲ್ಲ. ಒಂದು ಮದುವೆ ಮನೆಯಲ್ಲಿ ನಾನು ಕಟ್ಟಿದ ಪೊರಕೆ ಎತ್ತಿ ಹಿಡಿದು, “ಇದ್ರಾಗೆ ಗುಡಿಸಿದ್ರೆ ಕಸ ನಗ್ತೈತೆ” ಅಂದಿದ್ದಳು. ಇಡೀ ಚಪ್ಪರ ನಕ್ಕಿತು. ಊಟ ಮಾಡದೆ ಎದ್ದು ಬಂದಿದ್ದೆ.

ಕಟ್ಟೆ ಮೇಲೆ ಕೂತಿದ್ದಳು. ಕಣ್ಣು ಪೂರಾ ಹೋಗಿದೆ. ನನ್ನ ಹೆಜ್ಜೆ ಕೇಳಿಯೇ ಅಂದಳು:

“ಯಾರದು ನೆಲಕ್ಕೆ ಬೈಕೊಂಡು ಬರ್ತಿರೋದು? ಏಕಿನಾ?”

“ಹೂಂ ಅತ್ತೆ.”

“ಕೋಪ ಇಳೀತಾ?”

“ಇಳಿದಿಲ್ಲ. ಕೆಲಸ ಐತೆ, ಬಂದೆ.”

“ಕುಂತ್ಕ.”

ಸುಳಿಯನ್ನು ಅವಳ ಕೈಗೆ ಇಟ್ಟೆ. ಎಲ್ಲಿಯದು ಅಂತ ನಾನು ಹೇಳಲಿಲ್ಲ. ಆ ಕೈ ಏನು ಮಾಡಿತು ಅಂತ ಬರೆದಿಡಬೇಕು, ಮರೆತರೆ ಪಾಪ.

ಮೊದಲು ಹೆಬ್ಬೆರಳಿಂದ ಮಡಿಕೆಯ ಒಳಗೆ ತುದಿಯಿಂದ ಬುಡಕ್ಕೆ ಒಂದು ಸಲ ಹೋದಳು. ತಿರುಗಿ ಬರಲಿಲ್ಲ, ಒಂದೇ ಸಲ. ಆಮೇಲೆ ಎಲೆಯ ಅಂಚನ್ನು ಕೆಳತುಟಿಯ ಮೇಲೆ ಎಳೆದಳು. ಆಮೇಲೆ ಎರಡು ಬೆರಳಿಗೆ ಸುತ್ತಿ ಬಿಟ್ಟು, ಅದು ಬಿಚ್ಚಿಕೊಳ್ಳುವ ಸದ್ದಿಗೆ ಕಿವಿ ಕೊಟ್ಟಳು. ಸದ್ದಿಗೆ. ನನಗೆ ಕೇಳಿಸಲೂ ಇಲ್ಲ. ಕೊನೆಗೆ ಬಿಳಿ ಬುಡವನ್ನು ಮೂಸಿದಳು. ಮುಖ ಬದಲಾಯಿತು.

“ಗುಡ್ಡಕ್ಕೆ ಹೋಗಿದ್ಯಾ?”

“ಇಲ್ಲ. ನರ್ಸರೀಲಿ ಸಿಕ್ತು. ಅಡಿಕೆ ಪ್ಯಾಕೆಟಿನಾಗೆ.”

“ಮಣ್ಣು ಎಲ್ಲೀದು?”

ಅಷ್ಟು ಹೊತ್ತಿಗೆ ನನಗೆ ಹೊಳೆಯಿತು. ಮೂರು ವರ್ಷದ ಹಿಂದೆ ಮಣ್ಣು ಹೊಡೆಯುವ ನಾಗಣ್ಣನ ಟ್ರ್ಯಾಕ್ಟರಿನಲ್ಲಿ ಹೊಸದುರ್ಗದ ಕಡೆಯ ಗುಡ್ಡದ ಬುಡದಿಂದ ಕೆಮ್ಮಣ್ಣು ಬಂದಿತ್ತು. ಬೀಜ ಮಣ್ಣಿನ ಜೊತೆ ಬಂದಿದೆ. ಈ ಹುಡುಗಿ ಮಾತ್ರ ಕೇಳಿಬಿಟ್ಟಳು, ಕಣ್ಣಿಲ್ಲದೆ, ಒಂದೇ ಮಾತಿಗೆ. ಅತ್ತೆಯನ್ನು ಹುಡುಗಿ ಅಂತ ಬರೆದಿದ್ದೇನೆ. ಹೊಡೆದು ಹಾಕುವುದಿಲ್ಲ. ಆಗ ಹಾಗೇ ಕಂಡಳು.

“ಇದು ಗುಡ್ಡದೀಚಲು ಕಣೇ. ನಾನು ಮದುವೆ ಆಗಿ ಹೋದ ವರ್ಷ ನಮ್ಮತ್ತೆ ಕೈ ಹಿಡ್ಕಂಡು ಕರ್ಕಂಡು ಹೋಗಿದ್ಳು. ಇದ್ರ ಪೊರಕೆ ಮೂರು ವರ್ಷ ಬರ್ತಿತ್ತು. ಆಮೇಲೆ ಅಂಗಡೀಲಿ ಪ್ಲಾಸ್ಟಿಕ್ ಬಂತು, ಯಾರೂ ಹತ್ತಲಿಲ್ಲ. ಈಗ ಅಲ್ಲೆಲ್ಲ ಕರೆಂಟ್ ಮಾಡೋ ಗಾಳಿ ಫ್ಯಾನು ತಿರುಗ್ತಾವಂತೆ. ಐತೋ ಇಲ್ವೋ ಅಂದ್ಕಂಡಿದ್ದೆ.” ಸುಳಿಯನ್ನು ಕೆನ್ನೆಗೆ ಇಟ್ಟುಕೊಂಡಳು. “ಇಷ್ಟು ಕೆಳಕ್ಕೆ ಯಾವ ಮುಂಡೇದು ಕೊಯ್ದಿದ್ದು?”

“ನಾನೇ.”

ಸುಳಿಯ ಕೊಯ್ದ ತುದಿಯನ್ನು ಹೆಬ್ಬೆರಳಿಂದ ಸವರಿದಳು. ಆಮೇಲೆ ಕೇಳಿದಳು, “ನೀರು ಹಾಕ್ತಿದ್ಯಾ?”

“ದಿನಾ.”

“ಅದಕ್ಕೇ ಸಾಯ್ತೈತೆ, ಕೊಯ್ದಿದ್ದಕ್ಕಲ್ಲ. ಕಲ್ಲಿರೋ ಜಾಗಕ್ಕೆ ನೆಡು. ಯುಗಾದಿ ಆಗೋವರ್ಗೂ ಮುಟ್ಟಬೇಡ. ಆಮೇಲೆ ಒಣಹುಲ್ಲು ಹಾಕಿ ಬೆಂಕಿ ಕೊಡು.”

ನಾನು ತಮಾಷೆ ಅಂದುಕೊಂಡೆ.

“ನಾವು ಹಂಗೇ ಮಾಡ್ತಿದ್ವಿ ಕಣೇ. ಯುಗಾದಿ ಕಳೀತಿದ್ದಂಗೆ ಪೊದೆ ಪೊದೆಗೂ ಹುಲ್ಲು ಒಡ್ಡಿ ಸುಡೋದು. ಮಳೆ ಬಿದ್ದ ಮೇಲೆ ಬುಡದಾಗೆ ಮರಿ ಬರೋದು, ಬೆಣ್ಣೆ ಇದ್ದಂಗೆ. ಅದ್ರ ಸುಳೀನೇ ಪೊರಕೆಗೆ. ಸುಡದೇ ಇದ್ರೆ ಅದು ಮೇಲೆ ನೋಡ್ಕಂಡೇ ಕುಂತಿರ್ತೈತೆ. ಬುಡ ನೆನಪಾಗಲ್ಲ ಅದಕ್ಕೆ.”

ಊಟ ಮಾಡಿಯೇ ಎದ್ದೆ. ಚಟ್ನಿ ಖಾರ ಇತ್ತು. ಹೇಳಲಿಲ್ಲ.

ಮಾರ್ಚ್ 18

ಪರಮೇಶನಿಗೆ ಹೇಳಿದೆ.

“ಬೆಂಕಿನಾ?”

“ಹೂಂ.”

“ಕೊಯ್ದಿದ್ದು ಸಾಲ್ಲಿಲ್ವಾ ದೊಡ್ಡಮ್ಮ ನಿನಗೆ? ಜಿಲ್ಲೆಗೊಂದು ಗಿಡ, ತಲೆ ತೆಗೆದೆ, ಈಗ ಕೊಳ್ಳಿ ಇಡ್ತೀನಿ ಅಂತೀಯ. ನೆಟ್ ಐತೆ, ಪೈಪ್ ಐತೆ, ಎಲ್ಲಾ ಪ್ಲಾಸ್ಟಿಕ್ ಇಲ್ಲಿ.”

ಕೊನೆಗೂ ಬೈದ. ಎದೆ ಹಗುರವಾಯಿತು.

ಮೇಡಂಗೆ ಫೋನ್ ಹಚ್ಚಿಸಿದೆ. ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ. ಆ ಕಡೆ ಬರೆದುಕೊಳ್ಳುವ ಸದ್ದು. “ಬೆಂಕಿ ತಡೆಯೋ ಜಾತಿ ಅಂತ ನಾನೂ ಓದಿದ್ದೀನಿ ಅಜ್ಜಿ. ಆದ್ರೆ ಓದಿದ್ದೀನಿ ಅಷ್ಟೇ. ಒಂದೇ ಗಿಡ, ಗಾಯ ಆಗಿದೆ. ಸುಡಿ ಅಂತ ಹೇಳೋ ಧೈರ್ಯ ನನಗಿಲ್ಲ, ಬೇಡ ಅನ್ನೋ ಅಷ್ಟು ತಿಳಿವಳಿಕೆನೂ ಇಲ್ಲ.” ಓದಿದವರಲ್ಲಿ ಹೀಗೆ ಒಪ್ಪಿಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಪರಮೇಶ ಗಿಡದ ಮುಂದೆ ಕೂತು ನೋಡಿದ. ನಾಲ್ಕನೇ ಗರಿಯೂ ಹಳದಿ.

“ಅಜ್ಜಿ ಕಣ್ಣಿಲ್ದೇನೇ ಹೇಳಿದ್ಳಾ?”

“ಮೂಸಿ ಹೇಳಿದ್ಳು.”

“ಮಾಡು ಹೋಗು” ಅಂದ.

ಮಾರ್ಚ್ 20

ಹಿಂದಿನ ಬೇಲಿ ಹತ್ತಿರ ಬಾವಿ ತೋಡಿದಾಗಿನ ಕಲ್ಲುಗುಡ್ಡೆ ಇದೆ. ಅದರ ಪಕ್ಕ ನೆಟ್ಟೆ. ನೆಟ್, ಪೈಪ್ ಯಾವುದೂ ಹತ್ತಿರವಿಲ್ಲ. ನೀರು: ಇದಕ್ಕೆ ಬೇಡ. ಹದಿನಾಲ್ಕು ವರ್ಷದಲ್ಲಿ ಒಂದು ಗಿಡಕ್ಕೆ ನೀರು ಹಾಕದೆ ಇರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ.

ಏಪ್ರಿಲ್ 10, ಬೆಳಿಗ್ಗೆ 7

ನಿನ್ನೆ ಯುಗಾದಿ.

ಗಾಳಿ ಇರಲಿಲ್ಲ. ಸುತ್ತ ಒಂದು ಮಾರು ನೆಲ ಕೆರೆದು ಸ್ವಚ್ಛ ಮಾಡಿದೆ. ಒಣಹುಲ್ಲು ಒಂದು ತೆಕ್ಕೆ. ಕಾಳಕ್ಕ ಎರಡು ಕೊಡ ನೀರು ಇಟ್ಟುಕೊಂಡು ನಿಂತಳು. ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದಳು. ಪರಮೇಶ ಬರಲಿಲ್ಲ, ಆಫೀಸಿನ ಕಿಟಕಿಯಲ್ಲಿ ತಲೆ ಕಾಣುತ್ತಿತ್ತು.

ಕಡ್ಡಿ ಗೀರಿದೆ. ಭಗ್ಗನೆ ಹಿಡಿಯಿತು. ಉಳಿದಿದ್ದ ಗರಿಗಳು ಚಟಚಟ ಅಂದವು. ಒಂದು ಬೀಡಿ ಸೇದುವಷ್ಟು ಹೊತ್ತು, ಅಷ್ಟೇ. ಆಮೇಲೆ ಕರಿ ಮೋಟು, ಹೊಗೆ.

“ನೀರು ಹಾಕ್ಲಾ?” ಅಂದಳು ಕಾಳಕ್ಕ.

“ಹಾಕಿದ್ರೆ ಕೈ ಮುರೀತೀನಿ.”

ಏಪ್ರಿಲ್ 26, ಶುಕ್ರವಾರ

ಓಟು ಹಾಕಿ ಬಂದೆ. ಜವನಗೊಂಡನಹಳ್ಳಿ ಸ್ಕೂಲಲ್ಲಿ ಉದ್ದ ಸಾಲು. ಸಾಲು ತಪ್ಪಿಸಿ ಮುಂದೆ ನುಗ್ಗಿದ ಒಬ್ಬನಿಗೆ ಬೈದೆ.

ಬೆರಳಿಗೆ ಶಾಯಿ ಕಪ್ಪು. ಗಿಡವೂ ಕಪ್ಪು. ಉಗುರಿಂದ ಬುಡ ಕೆರೆಯಬೇಕು ಅನ್ನಿಸಿತು. ಕೈ ಹಿಂದೆ ಕಟ್ಟಿಕೊಂಡು ನಿಂತೆ. ಈ ಕೈಯನ್ನು ನಂಬುವುದಿಲ್ಲ.

ಮೇ 9

ಮಳೆ. ಒಳ್ಳೆ ಮಳೆ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ.

ಮೇ 14

ಇಲ್ಲ.

ಮೇ 21

ಇಲ್ಲ. ಮೇಡಂ ಫೋನ್ ಮಾಡಿದ್ದರು. “ಇನ್ನೂ ನೋಡೋಣ ಅಜ್ಜಿ” ಅಂದರು. ದನಿಯಲ್ಲಿ ಜೀವ ಇರಲಿಲ್ಲ.

ಪರಮೇಶ ಆ ಮೂಲೆಗೆ ಹೊಸ ನೆಟ್ ಕಂಬ ಹಾಕಬೇಕಂತೆ. ನನ್ನ ಮುಖ ನೋಡಿ, “ಜೂನಿಗೆ ಹಾಕಾಣ ಬಿಡು” ಅಂದ. ಒಳ್ಳೆಯವನು. ಫೋನ್ ಒಂದು ಬಿಟ್ಟರೆ ದೋಷವಿಲ್ಲ.

ಅತ್ತೆಗೆ ಏನಂತ ಹೇಳಲಿ. ಅವಳು ಬದುಕಿರುವಾಗಲೇ ಅವಳ ಗುಡ್ಡದ ಗಿಡ ನನ್ನ ಕೈಗೆ ಸಿಕ್ಕಿತು, ನಾನು

ಜೂನ್ 3, ಸೋಮವಾರ, ಬೆಳಿಗ್ಗೆ 6

ಎರಡು.

ಕರಿ ಬುಡದ ಎರಡು ಪಕ್ಕ. ಗಿಣಿ ಕೊಕ್ಕಿನ ಹಾಗೆ. ಬಣ್ಣ ಹಸಿರಲ್ಲ, ದಂತದ ಬಿಳಿ, ತುದಿಗೆ ಮಾತ್ರ ಸ್ವಲ್ಪ ಕೆಂಪು. ಅಂಗೈಯಗಲ ಸುಟ್ಟ ನೆಲವನ್ನು ಸೀಳಿಕೊಂಡು ಬಂದಿವೆ. ಬಗ್ಗಿ ನೋಡಿದೆ. ಎದ್ದೆ. ಮತ್ತೆ ಬಗ್ಗಿದೆ. ಬೆನ್ನು ನೋಯಲಿಲ್ಲ.

ತಲೆ ತೆಗೆದೆ, ನೀರು ಹಾಕಿ ಕೊಳೆಸಿದೆ, ಸುಟ್ಟೆ. ಇದು ಎರಡಾಗಿ ಬಂದಿದೆ. ಇದಕ್ಕೆ ನಾನು ಏನು ಅನ್ನಲಿ.

ಯಾರಿಗೂ ಹೇಳಲಿಲ್ಲ, ಎಂಟು ಗಂಟೆಯವರೆಗೆ. ಎರಡು ಗಂಟೆ ಹೊತ್ತು ನನಗೊಬ್ಬಳಿಗೇ ಇರಲಿ ಅಂತ.

ಜೂನ್ 9, ಭಾನುವಾರ, ಸಂಜೆ

ಮೇಡಂ ಒಂದು ಕಾರು ಮಾಡಿಕೊಂಡು ಚಿಕ್ಕಜಾಜೂರಿಗೆ ಹೋಗಿ ಅತ್ತೆಯನ್ನು ಕರೆದುಕೊಂಡು ಬಂದಳು. ನಾನು ಹೇಳಿರಲಿಲ್ಲ. ಅವಳಿಗೇ ತೋಚಿದೆ.

ಅತ್ತೆಯನ್ನು ಇಬ್ಬರು ಹಿಡಿದು ಕಲ್ಲುಗುಡ್ಡೆ ಹತ್ತಿರ ಕೂರಿಸಿದೆವು. ಎರಡೂ ಕೈ ನೆಲಕ್ಕೆ ಇಟ್ಟಳು. ಬೆರಳು ಸುಟ್ಟ ಬುಡದ ಸುತ್ತ ಮೆಲ್ಲಗೆ ಹೋದವು. ಹೈವೇಯಲ್ಲಿ ಲಾರಿಗಳ ಸದ್ದು ಮಾತ್ರ.

“ಒಂದು... ಎರಡು...” ಬೆರಳು ಹಿಂದಕ್ಕೆ ಹೋಗಿ ಮಣ್ಣಿನ ಒಂದು ಹೆಂಟೆಯನ್ನು ಸರಿಸಿತು. “ಲೇ ಏಕಿ, ಇಲ್ಲೊಂದೈತೆ. ಮೂರು. ಕಣ್ಣು ಯಾತಕ್ಕೆ ಇಟ್ಕಂಡಿದೀಯ ನೀನು?”

ಆರು ದಿನದಿಂದ ದಿನಾ ನೋಡಿದ್ದೇನೆ. ಕಂಡಿರಲಿಲ್ಲ.

ಮೇಡಂ ಫಾರಂ ತೆಗೆದಳು. ಫೀನಿಕ್ಸ್ ಅಂತ ಶುರುವಾಗಿ ನನ್ನ ಬಾಯಿಗೆ ಹೊರಳದ ಒಂದು ಹೆಸರನ್ನು ಮೇಲೆ ಬರೆದಳು. ಹೂ ಬಿಟ್ಟ ಮೇಲೆ ಇನ್ನೊಮ್ಮೆ ನೋಡಬೇಕು, ಆದರೆ ಈಗ ಸಹಿ ಹಾಕುತ್ತೇನೆ ಅಂದಳು. ಊರಿನ ಹೆಸರು ಅಂದ ಕಡೆ ‘ಗುಡ್ಡದೀಚಲು’. ಕೊನೆಯ ಗೆರೆಗೆ ಬಂದು ನನ್ನ ಮುಖ ನೋಡಿದಳು.

“ನನ್ನ ಹೆಸರು ಬರೆದ್ರೆ ಹರಿದು ಹಾಕ್ತೀನಿ” ಅಂದೆ.

“ಗೊತ್ತಜ್ಜಿ.”

ಗುರುತಿಸಿದವರು: ಮರುಳಸಿದ್ದಮ್ಮ. ದೊಡ್ಡ ಅಕ್ಷರದಲ್ಲಿ ಬರೆದು, ಓದಿ ಹೇಳಿದಳು. ಅತ್ತೆಗೆ ಅಕ್ಷರ ಬರುವುದಿಲ್ಲ. ಕಾಗದ ಇಸಿದುಕೊಂಡು ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು, ಎಲೆಯ ಮಡಿಕೆಯ ಮೇಲೆ ಆಡಿಸಿದ ಹಾಗೇ.

“ಸುಳಿ ಕೊಯ್ದೋಳಿಗೆ ಜಾಗ ಇಲ್ವಾ ಇದ್ರಾಗೆ?”

ಪರಮೇಶ ನಕ್ಕ. ಕಾಳಕ್ಕ ಸೆರಗು ಬಾಯಿಗೆ ತುಂಬಿಕೊಂಡಳು. ನಾನು ನಗಲಿಲ್ಲ.

“ಕೊಯ್ದ ಕೈ ಯಾವುದೇ? ಕೊಡಿಲ್ಲಿ.”

ಬಲಗೈ ಕೊಟ್ಟೆ. ತೋರುಬೆರಳನ್ನು ಹಿಡಿದು ಆ ಮೂರನೆಯದರ ತುದಿಗೆ ಇಟ್ಟಳು. ತಣ್ಣಗೆ, ಗಟ್ಟಿಯಾಗಿ, ಮೊನಚಾಗಿ ಇತ್ತು. ನಾನು ತೆಗೆಯಲು ಹೋದೆ, ಅವಳು ಬಿಡಲಿಲ್ಲ.

“ಹೆಂಗೆ ನೂಕ್ತೈತೆ ನೋಡು” ಅಂದಳು.

ನೂಕುತ್ತಿತ್ತು.

ಅತ್ತೆ ಇವತ್ತು ನಮ್ಮ ಮನೆಯಲ್ಲೇ ಉಳಿಯುತ್ತಾಳೆ. ಹಳ್ಳದೀಚಲ ಸುಳಿ ಒಂದು ಹೊರೆ ತರಿಸಿದ್ದಾಳೆ. ಪೊರಕೆ ಕಟ್ಟುವುದನ್ನು ಸರಿಯಾಗಿ ತೋರಿಸಿಕೊಡುತ್ತಾಳಂತೆ, ಅರವತ್ತೆಂಟನೇ ವಯಸ್ಸಿಗೆ ನನಗೆ. ಕಟ್ಟೆ ಮೇಲಿಂದ ಎರಡು ಸಲ ಕೂಗಿದಳು. ನೀರಿನದ್ದು ಬರೆದು ಬರ್ತೀನಿ ಅಂದೆ. ಈಗ ಹೋಗದಿದ್ದರೆ ನಾಳೆ ಊರಿನವರೆದುರು ನನ್ನ ಪೊರಕೆ ಎತ್ತಿ ಹಿಡಿದು ಮತ್ತೆ ಕಸ